ರಿಪೇರಿಯಾದ ಜನರೇಟರಿಗೆ ಸವಕಳಿ: ಓಡಿದ ಗಂಟೆಯ ಲೆಕ್ಕ



ಸೆಪ್ಟೆಂಬರ್ ಬಂತೆಂದರೆ ನಮ್ಮ ಸಂಘಗಳಲ್ಲಿ ವಾರ್ಷಿಕ ಮಹಾಸಭೆಗಳು ಶುರುವಾಗುತ್ತವೆ. ಕಾರ್ಯದರ್ಶಿಗಳು ಜಮಾ-ಖರ್ಚು ಓದುತ್ತಾರೆ. ಪಶು ಆಹಾರ, ಸಿಬ್ಬಂದಿ ಸಂಬಳ, ಡೀಸೆಲ್, ಸ್ಟೇಷನರಿ, ಇವುಗಳ ತನಕ ಯಾರೂ ತುಟಿ ಬಿಚ್ಚುವುದಿಲ್ಲ. "ಜನರೇಟರ್ ರಿಪೇರಿ ಇಷ್ಟು, ಜನರೇಟರ್ ಸವಕಳಿ ಇಷ್ಟು" ಎಂದು ಎರಡು ಬಾಬತ್ತು ಒಂದರ ಹಿಂದೆ ಒಂದು ಬಂದಾಗ ಮಾತ್ರ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ. "ರಿಪೇರಿಗೆ ರೊಕ್ಕ ಕೊಟ್ಟೀವಿ, ಮತ್ತ ಸವಕಳಿ ಅಂತ ಯಾಕ ಕಡೀತೀರಿ? ಒಂದ ಯಂತ್ರಕ್ಕ ಎರಡು ಸಲ ಕೈ ಹಾಕಿದಂಗಾತಲ್ಲ!"

ಸಭೆಯಲ್ಲಿ ನಗೆ ಏಳುತ್ತದೆ, ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ. ಲೆಕ್ಕ ಸರಿಯಾಗಿ ಬರೆದಿದ್ದರೆ ಎರಡು ಸಲ ಕಡಿತ ಆಗುವುದಿಲ್ಲ, ತಪ್ಪಾಗಿ ಬರೆದಿದ್ದರೆ ಖಂಡಿತವಾಗಿ ಆಗುತ್ತದೆ. ಯಾವುದು ಸರಿ, ಯಾವುದು ತಪ್ಪು ಎಂದು ಗುರುತಿಸಲು ಸದಸ್ಯರಿಗೆ ಬೇಕಾಗುವುದು ಕೂಡುವ, ಕಳೆಯುವ, ಭಾಗಿಸುವ ಲೆಕ್ಕವಷ್ಟೇ. ಅದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಮಾಡಿ ನೋಡೋಣ. ಪೆನ್ಸಿಲು, ಕಾಗದ ಹಿಡಿದು ಕುಳಿತರೆ ಒಳ್ಳೆಯದು.

ಎತ್ತಿನ ವಯಸ್ಸು ಹಲ್ಲಿನಲ್ಲಿ, ಜನರೇಟರಿನ ವಯಸ್ಸು ಮೀಟರಿನಲ್ಲಿ

ತೆಕ್ಕಲಕೋಟೆ, ಸಿರುಗುಪ್ಪ ಕಡೆಯ ಬೇಸಿಗೆಯನ್ನು ತಮಗೆ ವಿವರಿಸಬೇಕಾಗಿಲ್ಲ. ಕೆಚ್ಚಲಿನಿಂದ ಬರುವ ಹಾಲು 37-38 ಡಿಗ್ರಿ ಬಿಸಿಯಿರುತ್ತದೆ. ಅದನ್ನು ಬೇಗನೆ 4 ಡಿಗ್ರಿಗೆ ಇಳಿಸದಿದ್ದರೆ ಹುಳಿಯಾಗುತ್ತದೆ, ಬಳ್ಳಾರಿಗೆ ಹೋದ ಹಾಲು ಅಲ್ಲಿಂದ ವಾಪಸು ಎಂಬ ಚೀಟಿ ಬರುತ್ತದೆ. ಸಂಜೆಯ ಹಾಲು ಬರುವ ಹೊತ್ತಿಗೇ ಕರೆಂಟು ಹೋದರೆ ಶೀತಲೀಕರಣ ತೊಟ್ಟಿಯನ್ನು ಕಾಯುವುದು ಜನರೇಟರ್ ಒಂದೇ. ಏಪ್ರಿಲ್-ಮೇ ತಿಂಗಳಲ್ಲಿ ಅದಕ್ಕೆ ಬಿಡುವಿಲ್ಲದ ದುಡಿಮೆ. ಮಳೆಗಾಲ ಹಿಡಿದು ಹವೆ ತಣ್ಣಗಾದಾಗ ಅರ್ಧ ದಿನ ಸುಮ್ಮನೆ ನಿಂತಿರುತ್ತದೆ.

ಹೀಗಿರುವಾಗ ಅದರ ಸವೆತವನ್ನು ವರ್ಷದಿಂದ ಅಳೆಯುವುದು ಎಷ್ಟು ಸರಿ? ಎತ್ತು ಕೊಳ್ಳುವಾಗ ನಾವು ಹಲ್ಲು ಹಿಡಿದು ನೋಡುತ್ತೇವೆ, ಮಾರುವವನ ಬಾಯಿಮಾತು ನಂಬುವುದಿಲ್ಲ. ಜನರೇಟರಿನ ಹಲ್ಲು ಎಂದರೆ ಅದರ ಹಲಗೆಯ ಮೇಲಿರುವ ಗಂಟೆ ಮೀಟರ್. ಯಂತ್ರ ಎಷ್ಟು ಗಂಟೆ ಓಡಿದೆ ಎಂಬುದನ್ನು ಅದು ಕೂಡಿಸುತ್ತಾ ಹೋಗುತ್ತದೆ. ಆ ಗಂಟೆಗಳ ಮೇಲೆ ಸವಕಳಿ ಹಾಕುವ ಪದ್ಧತಿಯೇ ಬಳಕೆ ಆಧಾರಿತ ಸವಕಳಿ. ಟ್ರ್ಯಾಕ್ಟರಿಗೆ ಗಂಟೆ, ಹಾಲಿನ ವಾಹನಕ್ಕೆ ಕಿಲೋಮೀಟರ್, ಮೇವು ಕತ್ತರಿಸುವ ಯಂತ್ರಕ್ಕೆ ಮತ್ತೆ ಗಂಟೆ. ಅಳತೆ ಬೇರೆ ಬೇರೆಯಾದರೂ ಲೆಕ್ಕ ಒಂದೇ.

ಮೊದಲು ರಿಪೇರಿಗೆ ಮುಂಚಿನ ಲೆಕ್ಕ

ನಮ್ಮ ಸೀಮೆಯ ಒಂದು ಸಂಘ ಎಂದಿಟ್ಟುಕೊಳ್ಳಿ. ಹೆಸರು ಬೇಡ. ಇಲ್ಲಿ ಕೊಡುವ ಅಂಕಿಗಳೆಲ್ಲ ಪಾಠಕ್ಕಾಗಿ ಹೊಂದಿಸಿಕೊಂಡವು, ಮಾರುಕಟ್ಟೆಯ ಬೆಲೆ ಎಂದು ತಿಳಿಯಬಾರದು.

ಜನರೇಟರಿನ ಬೆಲೆ ರೂ. 3,40,000. ಸಾಗಾಣಿಕೆ, ಸಿಮೆಂಟಿನ ಕಟ್ಟೆ, ಜೋಡಣೆಗೆ ರೂ. 20,000. ಇವೆರಡೂ ಸೇರಿ ಮೂಲ ಬೆಲೆ ರೂ. 3,60,000. ಆಯುಸ್ಸು 12,000 ಗಂಟೆ ಎಂದು ತಯಾರಕರ ಕೈಪಿಡಿ ನೋಡಿ, ಮೆಕ್ಯಾನಿಕ್ಕನ್ನು ಕೇಳಿ ಅಂದಾಜು ಮಾಡಲಾಯಿತು. ಕೊನೆಗೆ ಗುಜರಿಗೆ ಹಾಕಿದರೆ ರೂ. 36,000 ಬಂದೀತು. ಗುಜರಿ ಬೆಲೆ ಹೇಗೂ ವಾಪಸು ಬರುವ ಹಣವಾದ್ದರಿಂದ ಅದನ್ನು ಕಳೆಯಬೇಕು. ಉಳಿದ ರೂ. 3,24,000 ವನ್ನು 12,000 ಗಂಟೆಗೆ ಭಾಗಿಸಿದರೆ ಗಂಟೆಗೆ ರೂ. 27. ಜನರೇಟರ್ ಒಂದು ಗಂಟೆ ಓಡಿತೆಂದರೆ ಡೀಸೆಲ್ ಅಲ್ಲದೆ 27 ರೂಪಾಯಿಯ ಕಬ್ಬಿಣವೂ ಸವೆಯಿತು ಎಂದು ಅರ್ಥ.

(ಸಹಾಯಧನ ಬಂದಿದ್ದರೆ ಅದನ್ನು ಮೂಲ ಬೆಲೆಯಲ್ಲಿ ಕಳೆದು, ಸಂಘದ ಕೈಯಿಂದ ಹೋದ ಹಣಕ್ಕೆ ಮಾತ್ರ ಲೆಕ್ಕ ಹಾಕುವ ರೂಢಿಯಿದೆ. ಯಂತ್ರ ಒಕ್ಕೂಟದ್ದೇ ಆಗಿದ್ದು ಸಂಘದ ಕಟ್ಟಡದಲ್ಲಿ ಇಟ್ಟಿದ್ದಾರೆ ಅಷ್ಟೇ ಎಂದಾದರೆ ಅದರ ಸವಕಳಿ ಸಂಘದ ಪುಸ್ತಕಕ್ಕೆ ಬರುವುದೇ ಇಲ್ಲ.)

ಮೊದಲ ನಾಲ್ಕು ವರ್ಷಗಳ ಓಟ ಹೀಗಿತ್ತು:

ಮೊದಲನೆಯ ವರ್ಷ: 1,400 ಗಂಟೆ, ಸವಕಳಿ ರೂ. 37,800
ಎರಡನೆಯ ವರ್ಷ: 1,750 ಗಂಟೆ, ಸವಕಳಿ ರೂ. 47,250
ಮೂರನೆಯ ವರ್ಷ: 1,250 ಗಂಟೆ, ಸವಕಳಿ ರೂ. 33,750
ನಾಲ್ಕನೆಯ ವರ್ಷ: 1,600 ಗಂಟೆ, ಸವಕಳಿ ರೂ. 43,200
ಒಟ್ಟು: 6,000 ಗಂಟೆ, ಸವಕಳಿ ರೂ. 1,62,000

ನಾಲ್ಕನೆಯ ವರ್ಷದ ಮಾರ್ಚ್ 31 ಕ್ಕೆ ಪುಸ್ತಕದಲ್ಲಿ ಉಳಿದ ಬೆಲೆ ರೂ. 1,98,000.

ಇದೇ ಯಂತ್ರಕ್ಕೆ 8 ವರ್ಷ ಆಯುಸ್ಸು ಎಂದು ಹಿಡಿದು ವರ್ಷಕ್ಕೆ ಸಮನಾಗಿ ಹಾಕಿದ್ದರೆ ಪ್ರತಿ ವರ್ಷ ರೂ. 40,500 ಆಗುತ್ತಿತ್ತು. ನಾಲ್ಕು ವರ್ಷಕ್ಕೆ ಅದೂ 1,62,000 ವೇ. ಹಾಗಾದರೆ ಇಷ್ಟು ತಲೆನೋವು ಏಕೆ ಎಂದು ತಾವು ಕೇಳಬಹುದು. ಎರಡನೆಯ ವರ್ಷವನ್ನೂ ಮೂರನೆಯ ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿರಿ. ಸಮನಾಗಿ ಹಾಕಿದರೆ ಎರಡನೆಯ ವರ್ಷ ರೂ. 6,750 ಕಡಿಮೆ ಕಡಿದಂತೆ, ಮೂರನೆಯ ವರ್ಷ ಅಷ್ಟೇ ಹೆಚ್ಚು ಕಡಿದಂತೆ. ಬೋನಸ್ಸು ಆಯಾ ವರ್ಷ ಹಾಕಿದ ಹಾಲಿನ ಮೇಲೆ ಬರುವುದು. ಮೂರನೆಯ ವರ್ಷ ಹೊಸದಾಗಿ ಎರಡು ಎಮ್ಮೆ ಕಟ್ಟಿ ಹಾಲು ಹಾಕಲು ಬಂದ ಹೆಣ್ಣುಮಗಳು, ಹಿಂದಿನ ವರ್ಷದವರ ಹಾಲು ತಂಪಾಗಿಸಿದ ಖರ್ಚನ್ನು ತನ್ನ ಬೋನಸ್ಸಿನಿಂದ ತೆತ್ತಳು. ಯಾರೂ ಕದಿಯಲಿಲ್ಲ, ಲೆಕ್ಕದ ಪದ್ಧತಿಯೇ ಅವಳ ಹಣವನ್ನು ಬೇರೆಯವರ ಕಡೆಗೆ ಸರಿಸಿತು.

ಈಗ ರಿಪೇರಿ

ಐದನೆಯ ವರ್ಷದ ಏಪ್ರಿಲ್‌ನಿಂದ ಜೂನ್ ತನಕ ಜನರೇಟರ್ 500 ಗಂಟೆ ಓಡಿತು. ಮೀಟರ್ 6,500 ಕ್ಕೆ ಬಂದಾಗ ಕಪ್ಪು ಹೊಗೆ, ಎಣ್ಣೆ ಸೋರಿಕೆ, ಎಳೆತ ಕಡಿಮೆ. ಎಂಜಿನ್ ಇಳಿಸಿ ಪೂರ್ತಿ ಓವರ್‌ಹಾಲ್ ಮಾಡಿಸಲಾಯಿತು. ಬಿಲ್ಲು ರೂ. 95,000.

ಇಲ್ಲಿ ಲೆಕ್ಕ ಬರೆಯುವವರು ಅವಸರ ಮಾಡಬಾರದು. ಮೊದಲು ಬಿಲ್ಲನ್ನು ಬಿಡಿಸಿ ಓದಬೇಕು. ಎಂಜಿನ್ ಎಣ್ಣೆ, ಫಿಲ್ಟರ್, ಬೆಲ್ಟು ಇವು ರೂ. 5,500. ಇವನ್ನು ಓವರ್‌ಹಾಲ್ ಮಾಡಿಸದಿದ್ದರೂ ಹಾಕಲೇಬೇಕಿತ್ತು. ಆದ್ದರಿಂದ ಇದು ಆ ವರ್ಷದ ಖರ್ಚು. ಲೈನರ್, ಪಿಸ್ಟನ್, ರಿಂಗು, ಬೇರಿಂಗು, ಹೆಡ್ಡಿನ ಕೆಲಸ, ಕೂಲಿ ಸೇರಿ ಉಳಿದದ್ದು ರೂ. 89,500. ಇದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಬೇಕು: ಈ ಹಣದಿಂದ ಯಂತ್ರಕ್ಕೆ ಮೊದಲು ಅಂದುಕೊಂಡದ್ದಕ್ಕಿಂತ ಹೆಚ್ಚು ಗಂಟೆ ಆಯುಸ್ಸು ಬಂತೋ, ಇಲ್ಲವೋ?

ಈ ವ್ಯತ್ಯಾಸವನ್ನು ನಮ್ಮ ಭಾಗದವರಿಗೆ ತುಂಗಭದ್ರಾ ಅಣೆಕಟ್ಟೆಯೇ ಕಲಿಸಿದೆ. 2024 ರ ಆಗಸ್ಟ್ 10 ರ ರಾತ್ರಿ 19 ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು, ಕಾಲುವೆಯ ನೀರು ನಂಬಿ ಭತ್ತ ನಾಟಿ ಮಾಡಿದ್ದ ನಾವೆಲ್ಲ ನಿದ್ದೆಗೆಟ್ಟದ್ದು ತಮಗೆ ನೆನಪಿರಬೇಕು. ವಾರದೊಳಗೆ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು, ಬೆಳೆ ಉಳಿಯಿತು. ಆ ಕೆಲಸದ ಬೆಲೆ ಎಷ್ಟೆಂದು ನಮಗೆ ಗೊತ್ತು. ಆದರೂ ಅದು ಹೋದದ್ದನ್ನು ತಡೆದ ಕೆಲಸ, ಎಪ್ಪತ್ತು ವರ್ಷ ಹಳೆಯ ಗೇಟುಗಳಿಗೆ ಹೊಸ ಆಯುಸ್ಸು ಕೊಟ್ಟ ಕೆಲಸವಲ್ಲ. ಹೊಸ ಗೇಟು ಕೂರಿಸುವುದು ಬೇರೆಯೇ ಮಾತು. ಎರಡಕ್ಕೂ ನಾವು "ರಿಪೇರಿ" ಎಂಬ ಒಂದೇ ಶಬ್ದ ಬಳಸುತ್ತೇವೆ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವು ಬೇರೆ ಬೇರೆ ಪುಟಕ್ಕೆ ಸೇರುತ್ತವೆ.

ಜನರೇಟರಿನ ವಿಷಯದಲ್ಲೂ ಹಾಗೆಯೇ. ಎಣ್ಣೆ ಬದಲಿಸದೆ ಓಡಿಸಿ ಲೈನರ್ ಗೀರಿತು, ಅದನ್ನು ಸರಿಪಡಿಸಿದ ಮೇಲೂ ಯಂತ್ರ ಮೊದಲು ಅಂದುಕೊಂಡ 12,000 ಗಂಟೆಯನ್ನೇ ಓಡುವುದು ಎಂದಾದರೆ, 95,000 ಕ್ಕೆ 95,000 ಆ ವರ್ಷದ ಖರ್ಚೇ. ಗಂಟೆಗೆ 27 ರ ದರ ಬದಲಾಗುವುದಿಲ್ಲ. ಆ ವರ್ಷ ಬೋನಸ್ಸು ಇಳಿಯುತ್ತದೆ, ಇಳಿಯಲೂಬೇಕು. ಮಹಾಸಭೆಯಲ್ಲಿ ಆಗ ಕೇಳಬೇಕಾದ್ದು ಸವಕಳಿಯ ಪ್ರಶ್ನೆಯಲ್ಲ, ಎಣ್ಣೆ ಏಕೆ ಬದಲಿಸಲಿಲ್ಲ ಎಂಬ ಪ್ರಶ್ನೆ. ಬೋನಸ್ಸು ದುಂಡಗೆ ಕಾಣಲಿ ಎಂದು ಇಂಥ ಅಲಕ್ಷ್ಯದ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿ ಮುಚ್ಚಿಹಾಕುವುದುಂಟು. ಸದಸ್ಯರು ಇದರ ಮೇಲೆ ಕಣ್ಣಿಡಬೇಕು.

ನಮ್ಮ ಉದಾಹರಣೆಯಲ್ಲಿ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಅಳತೆ ತೆಗೆದು, "ಇನ್ನು 8,500 ಗಂಟೆ ಓಡುತ್ತದೆ" ಎಂದು ಬರೆದುಕೊಟ್ಟಿದ್ದಾನೆ. (ಬಾಯಿಮಾತು ಸಾಲದು. ಬಿಲ್ಲಿನ ಹಿಂದೆಯಾದರೂ ಬರೆಸಿ ಸಹಿ ಮಾಡಿಸಿಕೊಳ್ಳಿರಿ.) ಹಳೆಯ ಅಂದಾಜಿನಂತೆ ಉಳಿದಿದ್ದದ್ದು 12,000 ದಲ್ಲಿ 6,500 ಕಳೆದು 5,500 ಗಂಟೆ. ಎಂದರೆ 3,000 ಗಂಟೆ ಹೆಚ್ಚು ಬಂತು. ಆದ್ದರಿಂದ ರೂ. 89,500 ಯಂತ್ರದ ಬೆಲೆಗೆ ಸೇರತಕ್ಕದ್ದು.

ಹೆಜ್ಜೆಗಳನ್ನು ಗಮನಿಸಿರಿ.

ರಿಪೇರಿಯ ದಿನಕ್ಕೆ ಹಳೆಯ ದರದಲ್ಲೇ ಲೆಕ್ಕ ಮುಗಿಸಿ: 500 ಗಂಟೆಗೆ 27 ರಂತೆ ರೂ. 13,500. ಇದನ್ನು 1,98,000 ದಲ್ಲಿ ಕಳೆದರೆ ಉಳಿದ ಬೆಲೆ ರೂ. 1,84,500. ಇದಕ್ಕೆ ರಿಪೇರಿಯ 89,500 ಕೂಡಿಸಿ: ರೂ. 2,74,000. ಗುಜರಿ ಬೆಲೆ 36,000 ಕಳೆಯಿರಿ: ರೂ. 2,38,000. ಇದನ್ನು ಇನ್ನು ಮುಂದೆ ಓಡಲಿರುವ 8,500 ಗಂಟೆಗೆ ಭಾಗಿಸಿ: ಗಂಟೆಗೆ ರೂ. 28.

ಇಷ್ಟೇ. ಜುಲೈನಿಂದ ಮಾರ್ಚ್‌ವರೆಗೆ 1,000 ಗಂಟೆ ಓಡಿದ್ದರೆ ರೂ. 28,000. ಐದನೆಯ ವರ್ಷದ ಒಟ್ಟು ಸವಕಳಿ 13,500 ಮತ್ತು 28,000 ಸೇರಿ ರೂ. 41,500. ವರ್ಷದ ಕೊನೆಗೆ ಪುಸ್ತಕದ ಬೆಲೆ 2,74,000 ದಲ್ಲಿ 28,000 ಕಳೆದು ರೂ. 2,46,000. ತಾಳೆ ನೋಡಬೇಕೆಂದರೆ, ಉಳಿದ 7,500 ಗಂಟೆಗೆ 28 ರಂತೆ 2,10,000, ಅದಕ್ಕೆ ಗುಜರಿ 36,000 ಸೇರಿಸಿ. ಅದೇ 2,46,000 ಬಂತು. ತಾಳೆಯಾಗದಿದ್ದರೆ ಎಲ್ಲೋ ಗಂಟೆ ತಪ್ಪಿದೆ ಎಂದು ತಿಳಿಯಿರಿ.

ಮೊದಲ ನಾಲ್ಕು ವರ್ಷದ ಸವಕಳಿಯನ್ನು ತಿದ್ದಲು ಹೋಗಬಾರದು. ಆಗ ಗೊತ್ತಿದ್ದ ಅಂದಾಜಿಗೆ ಆ ಲೆಕ್ಕ ಸರಿಯೇ ಇತ್ತು. ಅಂದಾಜು ಬದಲಾದರೆ ಅಂದಿನಿಂದ ಮುಂದಕ್ಕೆ ಬದಲಿಸಬೇಕು, ಹಿಂದಕ್ಕಲ್ಲ. ತೆಗೆದುಹಾಕಿದ ಹಳೆಯ ಭಾಗಗಳ ಬೆಲೆ ಪುಸ್ತಕದಲ್ಲಿ ಎಷ್ಟು ಉಳಿದಿತ್ತೆಂದು ಬಿಡಿಸಿ ಹೇಳಲು ಬರುವಂತಿದ್ದರೆ ಅದನ್ನು ತೆಗೆದುಬಿಡಬೇಕೆಂದು ಲೆಕ್ಕಪರಿಶೋಧಕರು ಹೇಳುತ್ತಾರೆ. ಪೂರ್ತಿ ಎಂಜಿನ್ನನ್ನೇ ಬದಲಿಸಿದರೆ ಇದು ದೊಡ್ಡ ಮೊತ್ತ, ಮರೆಯುವಂತಿಲ್ಲ. ಇಲ್ಲಿ ಪಾಠ ಸರಳವಾಗಿರಲೆಂದು ಬಿಟ್ಟಿದೆ. ಹಳೆಯ ಪಿಸ್ಟನ್, ಲೈನರು ಗುಜರಿಗೆ ಹೋದರೆ ಅದರ ಹಣಕ್ಕೂ ರಸೀದಿ ಇರಬೇಕು. ಅವು ವರ್ಕ್‌ಶಾಪಿನ ಮೂಲೆಯಲ್ಲಿ ಮಾಯವಾಗುವುದೇ ಹೆಚ್ಚು.

ಎರಡು ಸಲ ಕಡಿತ ನಿಜವಾಗಿ ಆಗುವುದೆಲ್ಲಿ?

ಈಗ ಹಿಂದಿನ ಸಾಲಿನವರ ಪ್ರಶ್ನೆಗೆ ಬರೋಣ. ಕೆಲವರು ಹೀಗೆ ಭಾಗಿಸುತ್ತಾರೆ: ಮೂಲ ಬೆಲೆ 3,60,000, ರಿಪೇರಿ 89,500, ಗುಜರಿ ಕಳೆದು 4,13,500, ಉಳಿದ 8,500 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು ರೂ. 48.65. ಇದು ಶುದ್ಧ ತಪ್ಪು. ಈ ಯಂತ್ರಕ್ಕಾಗಿ ಸದಸ್ಯರಿಂದ ಆಗಲೇ ಕಡಿದ ರೂ. 1,75,500 ವನ್ನು ಇಲ್ಲಿ ಮತ್ತೊಮ್ಮೆ ಕಡಿಯುತ್ತಿದ್ದಾರೆ. ಎದ್ದು ನಿಂತವರ ಮಾತು ಇಲ್ಲಿ ನೂರಕ್ಕೆ ನೂರು ಸರಿ.

ಮತ್ತೆ ಕೆಲವರು ಉಳಿದ ಬೆಲೆಯನ್ನು ಸರಿಯಾಗಿ ಹಿಡಿದು, ಗಂಟೆಯಲ್ಲಿ ಎಡವುತ್ತಾರೆ. 2,38,000 ವನ್ನು ಉಳಿದ ಗಂಟೆಗೆ ಭಾಗಿಸದೆ, ಹುಟ್ಟಿನಿಂದ ಕೊನೆಯವರೆಗಿನ 15,000 ಗಂಟೆಗೆ ಭಾಗಿಸುತ್ತಾರೆ. ಗಂಟೆಗೆ ರೂ. 15.87 ಬರುತ್ತದೆ. ಕಡಿಮೆ ಸವಕಳಿ, ಹೆಚ್ಚು ಬೋನಸ್ಸು, ಎಲ್ಲರಿಗೂ ಸಂತೋಷ. ಆದರೆ ಜನರೇಟರ್ ಕೈಕೊಟ್ಟ ದಿನ ಪುಸ್ತಕದಲ್ಲಿ ಅದರ ಬೆಲೆ ಇನ್ನೂ ರೂ. 1,39,000 ದಷ್ಟು ನಿಂತಿರುತ್ತದೆ, ಗುಜರಿಯವನು ಕೊಡುವುದು 36,000. ಒಂದು ಲಕ್ಷಕ್ಕೂ ಮೀರಿದ ನಷ್ಟ ಆ ಒಂದು ವರ್ಷ ಹಾಲು ಹಾಕಿದವರ ತಲೆಗೆ ಬೀಳುತ್ತದೆ.

ಮೂರನೆಯದು, ಆಯುಸ್ಸು ಹೆಚ್ಚಿಸಿದ ಓವರ್‌ಹಾಲನ್ನೂ ಪೂರ್ತಿ ಆ ವರ್ಷದ ಖರ್ಚಿಗೆ ಹಾಕುವುದು. ಇದನ್ನು ಮಾಡುವವರು ಬಹಳ, ಏಕೆಂದರೆ ಸುಲಭ. 95,000 ಖರ್ಚು, 1,500 ಗಂಟೆಗೆ 27 ರಂತೆ ಸವಕಳಿ 40,500, ಒಟ್ಟು ರೂ. 1,35,500. ನಮ್ಮ ಸರಿಯಾದ ಲೆಕ್ಕದಲ್ಲಿ ಸವಕಳಿ 41,500 ಮತ್ತು ಖರ್ಚು 5,500 ಸೇರಿ ರೂ. 47,000 ಮಾತ್ರ. ಈ ಬಾಬತ್ತುಗಳಿಗೆ ಮುಂಚೆ ಸಂಘದ ಮಿಗತೆ ರೂ. 1,60,000 ಇತ್ತೆಂದುಕೊಳ್ಳಿ. ಒಂದು ಲೆಕ್ಕದಲ್ಲಿ ಉಳಿಯುವುದು 1,13,000, ಇನ್ನೊಂದರಲ್ಲಿ 24,500. ಅದೇ ಹಾಲು, ಅದೇ ಜನರೇಟರ್, ಅದೇ ಬಿಲ್ಲು.

ಹಣ ಎಲ್ಲಿದೆ ಎಂದು ಕೇಳಿರಿ

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ಪಾಠ ಅಪಾಯಕಾರಿ. ಪುಸ್ತಕದಲ್ಲಿ 1,13,000 ಮಿಗತೆ ಎಂದು ಬಂದ ಮಾತ್ರಕ್ಕೆ ಅಷ್ಟು ಹಣ ಪೆಟ್ಟಿಗೆಯಲ್ಲಿದೆ ಎಂದಲ್ಲ. ವರ್ಕ್‌ಶಾಪಿನವನಿಗೆ 95,000 ನಗದು ಕೊಟ್ಟಾಗಿದೆ. ಸವಕಳಿಯನ್ನು ಮಾತ್ರ ಯಾರಿಗೂ ನಗದಾಗಿ ಕೊಡುವುದಿಲ್ಲ. ಆದ್ದರಿಂದ ಆ ವರ್ಷ ಕೈಯಲ್ಲಿ ಉಳಿದದ್ದು 1,60,000 ದಲ್ಲಿ 95,000 ಕಳೆದು 65,000.

ಹಾಗಾದರೆ ರಿಪೇರಿಗೆ ಹಣ ಎಲ್ಲಿಂದ ಬರಬೇಕಿತ್ತು? ನಾಲ್ಕು ವರ್ಷ ಸವಕಳಿ ಎಂದು ಕಡಿದ ರೂ. 1,62,000 ದಿಂದ. ಸವಕಳಿ ಹಾಕಿದಾಗ ಅಷ್ಟು ಮೊತ್ತ ಬೋನಸ್ಸಾಗಿ ಹಂಚಿಹೋಗದೆ ಸಂಘದಲ್ಲೇ ಉಳಿಯುತ್ತದೆ. ಪ್ರತಿ ವರ್ಷ ಅಷ್ಟನ್ನು ಬ್ಯಾಂಕಿನಲ್ಲಿ ಬೇರೆ ಠೇವಣಿಯಾಗಿ ಇಟ್ಟಿದ್ದರೆ ಓವರ್‌ಹಾಲಿನ ಬಿಲ್ಲು ಅದರಿಂದಲೇ ತೀರುತ್ತಿತ್ತು, ಸದಸ್ಯರ ಬೋನಸ್ಸಿಗೆ ಕೈ ಹಚ್ಚುವ ಅಗತ್ಯವೇ ಇರಲಿಲ್ಲ. ಆದರೆ ಬಹಳ ಕಡೆ ಆ ಹಣ ಚಾಲ್ತಿ ಖಾತೆಯಲ್ಲಿ ಕರಗಿ ಪಶು ಆಹಾರದ ಉದ್ರಿಯಾಗಿಯೋ, ಹಬ್ಬದ ಮುಂಗಡವಾಗಿಯೋ ಹೋಗಿಬಿಟ್ಟಿರುತ್ತದೆ. "ಸವಕಳಿ ಯಾಕ ಕಡೀತೀರಿ?" ಎಂದು ಕೇಳುವ ಬದಲು "ಕಡಿದ ಸವಕಳಿ ಯಾವ ಖಾತೆಯಲ್ಲಿದೆ?" ಎಂದು ಕೇಳಿ ನೋಡಿರಿ. ಸಭೆ ನಗುವುದಿಲ್ಲ.

ಮೀಟರಿನ ಕಥೆ

ಈ ಪದ್ಧತಿಯ ಪ್ರಾಣವಿರುವುದು ಮೀಟರಿನಲ್ಲಿ. ನಾನು ಪುಸ್ತಕ ನೋಡಿದ ಒಂದು ಸಂಘದಲ್ಲಿ ಓವರ್‌ಹಾಲ್ ಜೊತೆಗೆ ಹಲಗೆಯನ್ನೂ ಬದಲಿಸಿದ್ದರು. ಹೊಸ ಮೀಟರ್ ಸೊನ್ನೆಯಿಂದ ಶುರುವಾಯಿತು, ಹಳೆಯದು ಎಷ್ಟಿತ್ತೆಂದು ಯಾರೂ ಬರೆದಿಟ್ಟಿರಲಿಲ್ಲ. ಮಾರ್ಚ್ ಕೊನೆಗೆ ಕುಳಿತಾಗ ಏಳು ವರ್ಷದ ಯಂತ್ರ ಕೇವಲ ಎಂಟುನೂರು ಗಂಟೆಯ ಎಳೆಗರುವಿನಂತೆ ಕಾಣುತ್ತಿತ್ತು! ಕೊನೆಗೆ ಡೀಸೆಲ್ ಚೀಟಿಗಳನ್ನು ಹರವಿಕೊಂಡು ಎರಡು ರಾತ್ರಿ ಲೆಕ್ಕ ಹಾಕಬೇಕಾಯಿತು.

ಆದ್ದರಿಂದ ಮೀಟರ್ ಬದಲಾದ ದಿನವೇ ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ "ಹಳೆ ಮೀಟರ್ 6,500, ಹೊಸ ಮೀಟರ್ 0, ದಿನಾಂಕ, ಸಹಿ" ಎಂದು ಬರೆಯಿರಿ. ಮುಂದೆ ಹೊಸ ಮೀಟರಿನ ಅಂಕಿಗೆ 6,500 ಕೂಡಿಸುತ್ತಾ ಹೋದರಾಯಿತು. ಮೀಟರ್ ನಡುವೆ ಕೆಟ್ಟು ನಿಂತಿದ್ದರೆ ಡೀಸೆಲ್‌ನಿಂದ ಅಂದಾಜು ಮಾಡಬಹುದು. ತಮ್ಮದೇ ಹಿಂದಿನ ಚೀಟಿಗಳಂತೆ ಗಂಟೆಗೆ 3 ಲೀಟರ್ ಕುಡಿಯುವ ಯಂತ್ರ ಕೆಟ್ಟ ಅವಧಿಯಲ್ಲಿ 450 ಲೀಟರ್ ಕುಡಿದಿದ್ದರೆ 150 ಗಂಟೆ ಓಡಿದೆ. ಗಂಟೆಯ ಲೆಕ್ಕ ಇಡುವ ಸಂಘದಲ್ಲಿ ಡೀಸೆಲ್ ಸೋರಿಕೆಯೂ ಬೇಗ ಸಿಕ್ಕಿಬೀಳುತ್ತದೆ. ಈ ಲಾಭವನ್ನು ಯಾವ ಲೆಕ್ಕದ ಪುಸ್ತಕವೂ ಹೇಳುವುದಿಲ್ಲ.

ಇನ್ನೊಂದು ಮಾತು. ವರ್ಷಕ್ಕೆ ಐವತ್ತು ಗಂಟೆಯೂ ಓಡದ, ಮೂಲೆಯಲ್ಲಿ ನಿಂತ ಜನರೇಟರಿಗೆ ಈ ಪದ್ಧತಿ ಹೊಂದುವುದಿಲ್ಲ. ಓಡದಿದ್ದರೂ ಬ್ಯಾಟರಿ ಸಾಯುತ್ತದೆ, ರಬ್ಬರು ಬಿರಿಯುತ್ತದೆ, ತುಕ್ಕು ಹಿಡಿಯುತ್ತದೆ. ಅದಕ್ಕೆ ವರ್ಷದ ಲೆಕ್ಕವೇ ಸರಿ.

ಮಾಡಿಸಬೇಕೋ, ಹೊಸದು ತರಬೇಕೋ?

ಗಂಟೆಯ ಲೆಕ್ಕ ಕೈಯಲ್ಲಿದ್ದರೆ ಈ ಜಗಳವೂ ಅರ್ಧ ತೀರುತ್ತದೆ. ಓವರ್‌ಹಾಲಿಗೆ ಹೋದ 89,500 ರಿಂದ 3,000 ಗಂಟೆ ಹೆಚ್ಚು ಸಿಕ್ಕಿತು, ಎಂದರೆ ಹೆಚ್ಚಿನ ಪ್ರತಿ ಗಂಟೆಗೆ ಸುಮಾರು ರೂ. 29.83. ಹೊಸ ಜನರೇಟರ್ ಇಂದು ರೂ. 4,80,000, ಗುಜರಿ 48,000, ಆಯುಸ್ಸು 12,000 ಗಂಟೆ ಎಂದಾದರೆ ಗಂಟೆಗೆ ರೂ. 36. ಮಾಡಿಸಿದ್ದೇ ಲಾಭ. ಮೆಕ್ಯಾನಿಕ್ "ಇನ್ನು ಎರಡೇ ಸಾವಿರ ಹೆಚ್ಚು ಗಂಟೆ" ಎಂದಿದ್ದರೆ ಗಂಟೆಗೆ ರೂ. 44.75 ಆಗುತ್ತಿತ್ತು, ಆಗ ಆಡಳಿತ ಮಂಡಳಿ ಇನ್ನೊಮ್ಮೆ ಯೋಚಿಸಬೇಕಿತ್ತು. ಪುಸ್ತಕದಲ್ಲಿ ಹಳೆಯ ಯಂತ್ರದ ಬೆಲೆ ಎಷ್ಟು ಉಳಿದಿದೆ ಎಂಬುದು ಈ ತೀರ್ಮಾನಕ್ಕೆ ಸಂಬಂಧಿಸಿದ್ದಲ್ಲ. ಅದು ಎಂದೋ ಖರ್ಚಾದ ಹಣ.

ಈ ಪದ್ಧತಿಗೆ ಒಪ್ಪಿಗೆಯಿದೆಯೇ? ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ 10 ನೆಯ ಲೆಕ್ಕ ಮಾನಕದಲ್ಲಿ, 2016 ರಲ್ಲಿ ಪರಿಷ್ಕೃತವಾದಂತೆ, ಸಮ ಕಂತಿನ ಪದ್ಧತಿ, ಇಳಿಯುವ ಬೆಲೆಯ ಪದ್ಧತಿಗಳ ಜೊತೆಗೆ ಬಳಕೆಯ ಪ್ರಮಾಣದ ಪದ್ಧತಿಯನ್ನೂ ಹೇಳಿದೆ. ಉಳಿದ ಆಯುಸ್ಸು ಮತ್ತು ಗುಜರಿ ಬೆಲೆಯನ್ನು ಪ್ರತಿ ವರ್ಷದ ಕೊನೆಗೆ ಮತ್ತೆ ನೋಡಬೇಕೆಂದೂ ಅದರಲ್ಲಿದೆ. ಆದರೆ ಸಹಕಾರ ಸಂಘಗಳಲ್ಲಿ ಶೇಕಡಾವಾರು ಸವಕಳಿ ಹಾಕುವುದೇ ರೂಢಿಯಾದ್ದರಿಂದ, ಬದಲಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಬೇಕು. ಒಮ್ಮೆ ಹಿಡಿದ ಪದ್ಧತಿಯನ್ನು ಬೋನಸ್ಸಿಗೆ ತಕ್ಕಂತೆ ವರ್ಷಕ್ಕೊಂದು ಸಲ ಬದಲಿಸುವಂತಿಲ್ಲ. ಆದಾಯ ತೆರಿಗೆಯ ಸವಕಳಿ ಪಟ್ಟಿ ಬೇರೆ, ಅದನ್ನು ಇದರೊಡನೆ ಕಲಸಬೇಡಿರಿ.

ತಮ್ಮ ಕೊಟ್ಟಿಗೆಯ ಯಂತ್ರಕ್ಕೂ ಇದೇ ಲೆಕ್ಕ

ಮೇವು ಕತ್ತರಿಸುವ ಯಂತ್ರ ರೂ. 32,000 ಕ್ಕೆ ತಂದಿರಿ. ಗುಜರಿ 2,000, ಆಯುಸ್ಸು 6,000 ಗಂಟೆ. ಗಂಟೆಗೆ ರೂ. 5. ಭತ್ತದ ಹುಲ್ಲು, ಜೋಳದ ದಂಟು ಕತ್ತರಿಸಿ 2,400 ಗಂಟೆ ಕಳೆಯಿತು. 12,000 ಸವೆದು ಉಳಿದದ್ದು ರೂ. 20,000. ಆಗ ಗೇರ್ ಪೆಟ್ಟಿಗೆ, ಬೇರಿಂಗು ಹೊಸದು ಹಾಕಿಸಿದ್ದಕ್ಕೆ ರೂ. 4,500 ಆಯಿತು. ಉಳಿದಿದ್ದ 3,600 ಗಂಟೆ 4,500 ಆಯಿತು. 20,000 ಕ್ಕೆ 4,500 ಸೇರಿಸಿ, 2,000 ಕಳೆದು, 4,500 ಕ್ಕೆ ಭಾಗಿಸಿದರೆ ಮತ್ತೆ ಗಂಟೆಗೆ ರೂ. 5. ರಿಪೇರಿ ಮಾಡಿಸಿದರೆ ದರ ಏರಲೇಬೇಕೆಂದಿಲ್ಲ ಎಂಬುದನ್ನು ಗಮನಿಸಿರಿ. ಬ್ಲೇಡು ಮಸೆಸಿದ ಕೂಲಿ ಇದರಲ್ಲಿ ಸೇರುವುದಿಲ್ಲ, ಅದು ಆ ತಿಂಗಳ ಖರ್ಚು.

ಪಕ್ಕದ ಮನೆಯ ಅಕ್ಕ ಬಂದು "ನಮ್ಮ ಹುಲ್ಲನ್ನೂ ಒಂದೀಟು ಕತ್ತರಿಸಿಕೊಡ್ರಿ, ಕರೆಂಟಿನ ರೊಕ್ಕ ಕೊಡ್ತೀನಿ" ಎಂದರೆ ಬೇಡವೆನ್ನಲು ಬಾಯಿ ಬರುವುದಿಲ್ಲ, ಬೇಡವೆನ್ನಬೇಕಾಗಿಯೂ ಇಲ್ಲ. ಆದರೆ ಕರೆಂಟಿನ ಹಣದ ಮೇಲೆ ಗಂಟೆಗೆ 5 ರೂಪಾಯಿ ತಮ್ಮ ಯಂತ್ರದಿಂದ ಹೋಗುತ್ತಿದೆ ಎಂಬುದು ತಮಗೆ ಗೊತ್ತಿರಲಿ. ಕೊಡುವುದು, ಬಿಡುವುದು ನೆರೆಹೊರೆಯ ವಿಚಾರ.

ಅಭ್ಯಾಸಕ್ಕೊಂದು ಲೆಕ್ಕ

ನಮ್ಮ ಸಂಘದ ಜನರೇಟರ್ ಓವರ್‌ಹಾಲಿನ ನಂತರ 5,000 ಗಂಟೆ ಓಡಿ, ಮೀಟರ್ 11,500 ಕ್ಕೆ ಬಂದಿದೆ. ಇಂಧನ ಪಂಪು ಕೆಟ್ಟು ರೂ. 18,000 ಖರ್ಚಾಯಿತು. ಇದರಿಂದ ಆಯುಸ್ಸು ಹೆಚ್ಚುವುದಿಲ್ಲ ಎಂದ ಮೆಕ್ಯಾನಿಕ್, ಉಳಿದದ್ದು 3,500 ಗಂಟೆಯಲ್ಲ, 2,500 ಮಾತ್ರ ಎಂದೂ ಹೇಳಿದ. ಇನ್ನು ಮುಂದೆ ಗಂಟೆಗೆ ಎಷ್ಟು ಸವಕಳಿ? ಕೆಳಗೆ ನೋಡುವ ಮೊದಲು ತಾವೇ ಮಾಡಿರಿ.

ಉತ್ತರ: 18,000 ಪೂರ್ತಿ ಆ ವರ್ಷದ ಖರ್ಚು. ಪುಸ್ತಕದ ಬೆಲೆ 2,74,000 ದಲ್ಲಿ 5,000 ಗಂಟೆಗೆ 28 ರಂತೆ 1,40,000 ಕಳೆದು ರೂ. 1,34,000. ಗುಜರಿ 36,000 ಕಳೆದರೆ 98,000. ಅದನ್ನು 2,500 ಕ್ಕೆ ಭಾಗಿಸಿದರೆ ಗಂಟೆಗೆ ರೂ. 39.20. ಹೊಸ ಜನರೇಟರಿಗೆ ಠೇವಣಿ ಎಷ್ಟಿದೆ ಎಂದು ಆ ಸಂಘದ ಸದಸ್ಯರು ಈ ಮಹಾಸಭೆಯಲ್ಲೇ ಕೇಳತಕ್ಕದ್ದು.